ಎಡಗೈ ಮರೆತದ್ದನ್ನು ಬಲಗೈಗೆ ಕಲಿಸಿದ್ದು

ಸ್ಟೀಲ್ ಬೇಸಿನ್ನಿನ ತುಂಬ ರಾಗಿ. ಅದರೊಳಗೆ ಒಂದು ಬೀಗದ ಕೈ, ಅಂಗಿಯ ಗುಂಡಿ, ಬಾಟಲಿಯ ಮುಚ್ಚಳ, ಗೋಲಿ, ಹೀಗೆ ಏನಾದರೊಂದನ್ನು ಹುದುಗಿಸಿರುತ್ತಿದ್ದರು. ನಾನು ಮುಖ ಆಚೆ ತಿರುಗಿಸಿಕೊಂಡು ಎಡಗೈಯನ್ನು ರಾಗಿಯೊಳಗೆ ಬಿಟ್ಟು, ಸಿಕ್ಕಿದ್ದು ಏನೆಂದು ನೋಡದೆ ಹೇಳಬೇಕಿತ್ತು. ಲಕ್ವ ಹೊಡೆದು ಎಡಭಾಗ ಪೂರ್ತಿ ಬಿದ್ದುಹೋಗಿದ್ದ ನನಗೆ ಬೆಂಗಳೂರಿನ ಆಸ್ಪತ್ರೆಯೊಂದರ ಪುನಶ್ಚೇತನ ವಿಭಾಗದಲ್ಲಿ ದಿನವೂ ಇದೇ ಪಾಠ. ಅಷ್ಟು ಹೊತ್ತಿಗೆ ಕಾಲು ಎಳೆದುಕೊಂಡಾದರೂ ನಡೆಯುತ್ತಿದ್ದೆ. ಭುಜ ಮೇಲೇಳುತ್ತಿತ್ತು, ಬೆರಳುಗಳು ಮಡಚುತ್ತಿದ್ದವು, ಬಿಚ್ಚುತ್ತಿದ್ದವು. ಹಿಡಿದದ್ದು ಏನು ಎಂಬುದನ್ನು ಮಾತ್ರ ಅವು ವಾಪಸ್ ಹೇಳುತ್ತಿರಲಿಲ್ಲ.

ನಾನು ಕಳ್ಳಾಟ ಕಲಿತೆ. ಬೀಗದ ಕೈ ಬೇಸಿನ್ನಿನ ತಳಕ್ಕೆ ತಾಗಿದರೆ ಒಂದು ಸದ್ದು, ಗೋಲಿ ತಾಗಿದರೆ ಇನ್ನೊಂದು. ಆ ಸದ್ದು ಹಿಡಿದು ಸರಿಯಾಗಿ ಹೇಳತೊಡಗಿದಾಗ ಪಕ್ಕದಲ್ಲಿದ್ದ ರೋಗಿಗಳು ಶಹಭಾಸ್ ಎಂದರು. ಥೆರಪಿ ಮಾಡಿಸುತ್ತಿದ್ದ ಹೆಣ್ಣುಮಗಳು ಮಾರನೆಯ ದಿನ ಬೇಸಿನ್ನಿನ ತಳಕ್ಕೆ ಟವೆಲ್ ಹಾಸಿ ಅದರ ಮೇಲೆ ರಾಗಿ ಸುರಿದಳು.

"ನಾನು ಕೇಳ್ತಿರೋದು ನಿಮ್ಮ ಕೈಯನ್ನ, ಕಿವಿಯನ್ನಲ್ಲ," ಎಂದಳು.

ಅವತ್ತು ಗುಂಡಿಯನ್ನು ಗೋಲಿ ಎಂದೆ, ಗೋಲಿಯನ್ನು ಮುಚ್ಚಳ ಎಂದೆ. ಕೊನೆಗೆ ರಾಗಿಯೊಳಗೆ ಏನೂ ಇಲ್ಲದಿದ್ದಾಗಲೂ ಬೀಗದ ಕೈ ಸಿಕ್ಕಿತು ಎಂದೆ. ಆಕೆ ಬೇಸಿನ್ ಪಕ್ಕಕ್ಕಿಟ್ಟು, ನಿಮ್ಮ ಕೆಲಸ ಏನು ಎಂದು ಕೇಳಿದಳು. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ಎಂದೆ. ಅದಕ್ಕೆ ಎಡಗೈ ಯಾಕೆ ಬೇಕು ಎಂದಳು. ಹೇಳಿದೆ. ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. ಶಕ್ತಿ ಬರುತ್ತದೆ, ಸ್ಪರ್ಶದ ಬಗ್ಗೆ ನಾನು ಮಾತು ಕೊಡಲಾರೆ ಎಂದಳು. ಆ ಆಸ್ಪತ್ರೆಯಲ್ಲಿ ನನಗೆ ಸುಳ್ಳು ಹೇಳದ ಒಬ್ಬಳೇ ಅವಳು. ದೊಡ್ಡ ಡಾಕ್ಟರು ಮನೆಗೆ ಕಳಿಸುವಾಗ, ಹಗುರವಾದ ಕೆಲಸ ಮಾಡಬಹುದು ಎಂದು ಬೆನ್ನು ತಟ್ಟಿದರು. ಹಸುವಿನೊಳಗೆ ಕೈ ಹಾಕುವುದರಲ್ಲಿ ಹಗುರ ಯಾವುದು, ಭಾರ ಯಾವುದು ಎಂದು ಕೇಳಬೇಕೆನಿಸಿತು.

ಆ ಹೆಣ್ಣುಮಗಳಿಗೆ ಹೇಳಿದ್ದನ್ನು ಇಲ್ಲೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹಸು ಬೆದೆಗೆ ಬಂದಾಗ ನಮ್ಮನ್ನು ಕರೆಯುತ್ತಾರೆ. ನೈಟ್ರೋಜನ್ ತುಂಬಿದ ಕ್ಯಾನಿನಲ್ಲಿ ಹೋರಿಯ ವೀರ್ಯ ತುಂಬಿದ ಸಣ್ಣ ಸ್ಟ್ರಾಗಳು ಹೆಪ್ಪುಗಟ್ಟಿ ಮಲಗಿರುತ್ತವೆ. ಒಂದನ್ನು ಚಿಮ್ಮಟದಲ್ಲಿ ಎತ್ತಿ, ಉಗುರು ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಒರೆಸಿ, ತುದಿ ಕತ್ತರಿಸಿ, ಗನ್ ಎಂದು ಕರೆಯುವ ಉದ್ದನೆಯ ಕಡ್ಡಿಗೆ ಸೇರಿಸಬೇಕು. ಆಮೇಲೆ ಉದ್ದ ಕೈಗವಸು ತೊಟ್ಟ ಎಡಗೈ ಸಗಣಿ ಬರುವ ದಾರಿಯಲ್ಲಿ ಒಳಗೆ ಹೋಗುತ್ತದೆ. ತೆಳ್ಳಗಿನ ಗೋಡೆಯಾಚೆ, ಕೆಳಗೆ, ಗರ್ಭಕೋಶದ ಕತ್ತು ಇರುತ್ತದೆ. ಸುಲಿದ ಕೋಳಿಯ ಕತ್ತಿನ ಹಾಗೆ. ಅದನ್ನು ಎಡಗೈ ಹಿಡಿದುಕೊಂಡರೆ ಬಲಗೈ ಕೆಳಗಿನ ದಾರಿಯಲ್ಲಿ ಗನ್ ತೂರಿಸಿ, ಕತ್ತಿನೊಳಗಿನ ಬಳೆಗಳನ್ನು ಒಂದೊಂದಾಗಿ ದಾಟಿಸಿ, ಮದ್ದು, ಅಂದರೆ ಆ ವೀರ್ಯ, ಬಿಡುತ್ತದೆ. ಬಲಗೈಯದು ತಳ್ಳುವ ಕೆಲಸ. ನೋಡುವ ಕೆಲಸ ಎಡಗೈಯದು. ಹಸು ಗಬ್ಬವೋ ಅಲ್ಲವೋ, ಎಷ್ಟು ತಿಂಗಳು, ಒಳಗೆ ಕೀವೋ ಕರುವೋ, ಎಲ್ಲ ಎಡಗೈ ಬೆರಳು ಹೇಳಬೇಕು.

ಕೋಡಿಹಳ್ಳಿ ಸುತ್ತಮುತ್ತಲ ಊರಿನವರು ಇದಕ್ಕೆ ಇಂಜೆಕ್ಷನ್ ಮಾಡುವುದು ಎನ್ನುತ್ತಾರೆ. ನಾನು ಡಾಕ್ಟರಲ್ಲ, ತರಬೇತಿ ಪಡೆದ ಕೆಲಸಗಾರ ಅಷ್ಟೆ. ಆದರೂ ಎಲ್ಲರೂ "ಡಾಕ್ಟ್ರೇ" ಎನ್ನುತ್ತಿದ್ದರು. ಒಂದೇ ಸಲಕ್ಕೆ ಹಸು ಗಬ್ಬ ನಿಂತರೆ, ಇವರ ಕೈಗುಣ ಚೆನ್ನಾಗಿದೆ ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಗುಣವಲ್ಲ, ಅದು ಬೆರಳಿನ ತಿಳಿವಳಿಕೆ ಎಂದು ಒಂದು ದಿನವೂ ತಿದ್ದಲಿಲ್ಲ.

ಮನೆಗೆ ಬಂದ ಮೇಲೆ ಮೊದಲು ಹೋಗಿದ್ದು ಹಾಲಿನ ಸೊಸೈಟಿಗೆ. ನಮ್ಮ ಕಡೆ ಡೈರಿ ಎನ್ನುತ್ತಾರೆ. ಅಲ್ಲಿನ ಕಾರ್ಯದರ್ಶಿ ನನ್ನ ವಾರಿಗೆಯವನು, ಒಟ್ಟಿಗೆ ಓದಿದವನು.

"ಬಾ, ಕುಂತ್ಕೊ. ಇನ್ನೊಸಿ ದಿನ ಸುಧಾರಿಸ್ಕಂಡಿದ್ರೆ ಆಯ್ತಿರ್ಲಿಲ್ವೇನ್ಲಾ?"

"ಸುಧಾರಿಸ್ಕಂಡಾಯ್ತು. ಕ್ಯಾನ್ ಎಲ್ಲೈತೆ?"

"ಕ್ಯಾನು ಅವನ್ತಾವ ಐತೆ. ತಿಂಗ್ಳಾನುಗಟ್ಲೆ ಅವ್ನೇ ತಾನೆ ನೋಡ್ಕಂಡಿದ್ದು? ಅದ್ಯಾಕಿಷ್ಟು ಅವಸ್ರ ನಿಂಗೆ?"

ಅವನು ಎಂದರೆ ಪಕ್ಕದ ಸೊಸೈಟಿಯ ಕೆಲಸಗಾರ. ನಾನು ಮಲಗಿದ್ದಷ್ಟು ದಿನವೂ ನನ್ನ ಊರುಗಳನ್ನು ಅವನೇ ಬದಲಿಯಾಗಿ ನೋಡಿಕೊಂಡಿದ್ದ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಕೈ ಚುರುಕು, ಮಾತು ಇನ್ನೂ ಚುರುಕು. ನಾನು ಹಟ ಹಿಡಿದ ಮೇಲೆ ಕಾರ್ಯದರ್ಶಿ ಒಂದು ಸಣ್ಣ ಕ್ಯಾನ್ ಕೊಡಿಸಿದ. ದೊಡ್ಡದು ಅವನ ಬಳಿಯೇ ಉಳಿಯಿತು. ಬೈಕಿನ ಕ್ಲಚ್ ಹಿಡಿಯುವುದು ಎಡಗೈಯಾದ್ದರಿಂದ ಬೈಕ್ ಬಿಟ್ಟು ಹೆಂಡತಿಯ ಸ್ಕೂಟರ್ ತೆಗೆದುಕೊಂಡೆ. ಕ್ಯಾನನ್ನು ಕಾಲ ನಡುವೆ ಇಟ್ಟುಕೊಂಡು ಓಡಾಡಲು ಸಿದ್ಧನಾಗಿ ಕೂತೆ. ಫೋನ್ ಬರಲಿಲ್ಲ.

ಮೊದಲು ಕರೆದದ್ದು ನಮ್ಮ ಕೇರಿಯ ಮುದುಕ. ನನ್ನ ತಂದೆಯ ಜೊತೆಗಾರ, ಕರುಣೆಗೇ ಕರೆದಿರಬೇಕು. ಅವನ ಸೀಮೆಹಸು ನನಗೆ ಹೊಸದಲ್ಲ. ಎಲ್ಲ ಮಾಡಿಕೊಂಡು ಎಡಗೈ ಒಳಗೆ ಬಿಟ್ಟೆ. ಬಿಸಿ ತಿಳಿಯಿತು. ಅದೊಂದು ಬಿಟ್ಟು ಬೇರೇನೂ ತಿಳಿಯಲಿಲ್ಲ. ಸಗಣಿ ಬಾಚಿ ಹಾಕಿ ಮತ್ತೆ ತೂರಿಸಿದೆ. ಕತ್ತು ಸಿಕ್ಕಿತೋ, ಬರೀ ಮಡಿಕೆ ಸಿಕ್ಕಿತೋ, ಮೂಳೆಯೋ, ಒಂದೂ ಗೊತ್ತಾಗಲಿಲ್ಲ. ಗನ್ ತೂರಿಸಿದರೆ ತುದಿ ಎಲ್ಲಿಗೆ ಹೋಯಿತೆಂದು ಕಾಯುವ ಕೈಯೇ ಇಲ್ಲ. ಕುರುಡಾಗಿ ತಳ್ಳಿದರೆ ಗರ್ಭಕೋಶ ಹರಿಯುತ್ತದೆ. ಬೆವರು ಕಣ್ಣಿಗಿಳಿಯಿತು. ಹಸು ತಿರುಗಿ ನನ್ನನ್ನೇ ನೋಡುತ್ತಿತ್ತು. ಗನ್ ಹೊರಗೆ ತೆಗೆದು, ಬೆದೆ ಇನ್ನೂ ಕೂಡಿಲ್ಲ, ನಾಳೆ ನೋಡೋಣ ಎಂದೆ. ಮುದುಕ ತಲೆಯಾಡಿಸಿದ, ಕೈ ತೊಳೆಯಲು ನೀರು ಕೊಟ್ಟ. ಸಂಜೆ ಹೊತ್ತಿಗೆ ಬದಲಿಯವನ ಬೈಕ್ ಅದೇ ಕೊಟ್ಟಿಗೆಯ ಮುಂದೆ ನಿಂತಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಒಂದು ದಿನ ಡೈರಿಗೆ ಹಾಲು ಹಾಕಿ ಬಂದ ಹೆಂಡತಿ ಹಾಲಿನ ಕ್ಯಾನನ್ನು ಜಗಲಿಯ ಮೇಲೆ ಕುಕ್ಕಿದಳು.

"ಏನಂತೆ ಗೊತ್ತಾ? ಲಕ್ವ ಹೊಡ್ದ ಕೈ ಹಸೀನೊಳಕ್ಕೆ ಹೋದ್ರೆ ಕರ ಸೊಟ್ಟ ಹುಟ್ತದಂತೆ. ಸಾಲಲ್ಲಿ ನಿಂತ್ಕಂಡು ನನ್ ಮುಂದ್ಲೇ ಮಾತಾಡ್ತಾರೆ."

"ಯಾರು ಅಂದಿದ್ದು?"

"ಯಾರು ಅಂತ ಹೇಳ್ಲಿ? ಒಬ್ರಂದ್ರೆ ಇನ್ನೊಬ್ರು ಹೂಂ ಅಂತಾರೆ. ನೀವು ಹೋಗ್ಬ್ಯಾಡಿ, ಸುಮ್ಕಿರಿ ಒಸಿ ದಿನ."

ನನಗೆ ಸಿಟ್ಟು ಬಂದದ್ದು ಆ ಮಾತು ಸುಳ್ಳೆಂದಲ್ಲ. ಆ ಕೈ ಹಸುವಿನೊಳಗೆ ಹೋಗಬಾರದು ಎಂಬುದು ನಿಜವೇ ಆಗಿತ್ತು. ಅದು ನನಗೂ ಗೊತ್ತು. ಆದರೆ ಅವರು ಹೇಳುತ್ತಿದ್ದ ಕಾರಣ ಬೇರೆ. ಕೈಗೆ ತಿಳಿಯುವುದಿಲ್ಲ ಎಂದು ಒಬ್ಬನಾದರೂ ಮುಖಕ್ಕೆ ಹೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ಕೈಗುಣ ಹೋಯಿತು, ಪಾಪ, ಎನ್ನುತ್ತಿದ್ದರು. ಡಾಕ್ಟ್ರೇ ಎನ್ನುತ್ತಿದ್ದವರ ಬಾಯಲ್ಲಿ ನಾನು ಈಗ ಪಾಪ ಆಗಿದ್ದೆ. ಇಷ್ಟು ವರ್ಷ ಕೈಗುಣ ಎಂಬ ಮಾತನ್ನು ತಿದ್ದದೆ ಅನುಭವಿಸಿದವನಿಗೆ ಅದನ್ನು ಈಗ ತಿದ್ದಲು ಬಾಯಿ ಬರಲಿಲ್ಲ.

ಆಮೇಲೆ ಒಂದು ತೀರ್ಮಾನಕ್ಕೆ ಬಂದೆ. ಎಡಗೈ ಕಲಿತದ್ದನ್ನೆಲ್ಲ ಬಲಗೈಗೆ ಹೊಸದಾಗಿ ಕಲಿಸಬೇಕು. ನಮ್ಮೂರಿನಲ್ಲಿ ಅದು ಆಗದ ಮಾತು. ಮಾಗಡಿ ಕಡೆ ನನ್ನ ಅಕ್ಕನ ಮನೆಯಿದೆ. ಅವರ ಕೊಟ್ಟಿಗೆ ದೊಡ್ಡದು. ಕನಕಪುರದಿಂದ ರಾಮನಗರ, ಅಲ್ಲಿಂದ ಮಾಗಡಿ, ಬಸ್ಸು ಬದಲಿಸಿಕೊಂಡು ಹೋಗಿ ಅಲ್ಲೇ ಉಳಿದೆ. ನಮ್ಮ ಭಾವ ಹಸುಗಳ ಲೆಕ್ಕವನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡವನು. ಯಾವ ಹಸು ಗಬ್ಬ, ಯಾವುದು ಬರಡು, ಯಾವುದಕ್ಕೆ ಎಷ್ಟು ತಿಂಗಳು, ಎಲ್ಲ ಅವನಿಗೆ ಗೊತ್ತು. ನನಗೆ ಹೇಳಬೇಡ ಎಂದೆ. ಬಲಗೈ ಹಾಕಿ ನಾನು ಹೇಳುತ್ತೇನೆ, ಸರಿಯೋ ತಪ್ಪೋ ಅಷ್ಟು ಹೇಳು ಎಂದೆ.

ಬಲಗೈ ಎಂಥ ದಡ್ಡ ಎಂದು ಆಗ ಗೊತ್ತಾಯಿತು. ಊಟ, ಬರಹ, ಗನ್ನು, ಎಲ್ಲ ಮಾಡಿದ ಕೈ. ಆದರೆ ಒಳಗಿನ ದಾರಿ ಅದಕ್ಕೆ ತಿಳಿಯದು. ಎಡಕ್ಕಿರಬೇಕಾದದ್ದು ಬಲಕ್ಕೆ, ಬಲಕ್ಕಿರಬೇಕಾದದ್ದು ಎಡಕ್ಕೆ. ಹೊಸ ಆಳು ಮನೆಯಲ್ಲಿ ಪಾತ್ರೆ ಹುಡುಕಿದಂತೆ ತಡಕಾಡುತ್ತಿತ್ತು. ಮೊದಲ ದಿನ ಕೆಂಪು ಹಸುವನ್ನು ಬರಡು ಎಂದೆ.

"ತಪ್ಪು," ಎಂದ ಭಾವ. "ಅದು ಐದು ತುಂಬೈತೆ ಕಣೋ. ಒದ್ರೆ ಕರ ಕೈಗೇ ಒದೀತದೆ."

ಅಕ್ಕ ಸೆರಗು ಸಿಕ್ಕಿಸಿಕೊಂಡು ಬಂದಳು. "ಗಬ್ಬದ ಹಸೀಗೆ ಮತ್ತೆ ಮತ್ತೆ ಕೈ ಹಾಕ್ಬ್ಯಾಡ್ವೋ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಆಗಲ್ಲ ಅಕ್ಕ. ಹಿಂಡಲ್ಲ, ಬರೀ ಮುಟ್ತೀನಿ."

"ನಿಂಗೆ ಮುಟ್ಟಿದ್ದೂ ಗೊತ್ತಾಗಲ್ಲ, ಹಿಂಡಿದ್ದೂ ಗೊತ್ತಾಗಲ್ಲ ಅಂತೀಯ."

"ಅದು ಎಡಗೈ. ಇದಕ್ಕೆ ಗೊತ್ತಾಯ್ತದೆ."

ಗೊತ್ತಾಗುತ್ತಾ ಬಂತು. ಮೊದಲು ಕತ್ತು ಸಿಕ್ಕಿತು. ಆಮೇಲೆ ಅದರ ಮುಂದೆ ಎರಡು ಕವಲು, ಟಗರಿನ ಕೊಂಬಿನಂತೆ ಸುರುಳಿ ಸುತ್ತಿಕೊಂಡದ್ದು. ಬರಡು ಹಸುವಿನಲ್ಲಿ ಎರಡೂ ಸಮ. ಗಬ್ಬದ್ದರಲ್ಲಿ ಒಂದು ಊದಿ, ನೀರು ತುಂಬಿದ ಬಲೂನಿನ ಹಾಗೆ ಒತ್ತಿದರೆ ಜಾರುತ್ತದೆ. ಭಾವ ಸರಿ ಎನ್ನುವುದು ಹೆಚ್ಚಾಯಿತು, ತಪ್ಪು ಎನ್ನುವುದು ಕಡಿಮೆಯಾಯಿತು. ತಪ್ಪು ಪೂರ್ತಿ ನಿಲ್ಲಲಿಲ್ಲ, ಆ ಮಾತನ್ನು ಮುಚ್ಚಿಡುವುದಿಲ್ಲ. ಎಡಗೈಯ ಕಾಲದಲ್ಲಿ ಕೈ ಒಳಗೆ ಹೋಗುತ್ತಲೇ ಉತ್ತರ ಬಾಯಿಗೆ ಬರುತ್ತಿತ್ತು. ಈಗ ಒಂದೊಂದಕ್ಕೂ ನಿಂತು ಯೋಚಿಸಬೇಕು.

ಇನ್ನು ಗನ್ನು. ಬಲಗೈ ಒಳಗೆ ಹೋದ ಮೇಲೆ ಗನ್ ಹಿಡಿಯಬೇಕಾದದ್ದು ಎಡಗೈ. ಬೆರಳಿಗೆ ಅದು ಇದೆಯೋ ಬಿದ್ದಿದೆಯೋ ತಿಳಿಯದು. ಥೆರಪಿಯ ಹೆಣ್ಣುಮಗಳಿಗೆ ಫೋನ್ ಮಾಡಿದೆ. ಹಿಡಿ ದಪ್ಪ ಮಾಡಿ, ಸಣ್ಣದನ್ನು ಹಿಡಿಯುವುದು ಅಂಥ ಕೈಗೆ ಕಷ್ಟ ಎಂದಳು. ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿ ಕತ್ತರಿಸಿ ಗನ್ನಿನ ಹಿಂಬದಿಗೆ ಬಿಗಿಯಾಗಿ ಸುತ್ತಿದೆ. ಮುಷ್ಟಿ ತುಂಬ ಸಿಕ್ಕಿತು. ಮದ್ದು ಬಿಡಲು ಹಿಂದಿನಿಂದ ಒತ್ತುವ ಹೆಬ್ಬೆರಳಿಗೆ ಎಷ್ಟು ಒತ್ತಿತೆಂದು ಗೊತ್ತಾಗುವುದಿಲ್ಲವಾದ್ದರಿಂದ ಕಣ್ಣಿನಿಂದಲೇ ನೋಡಿ ಒತ್ತಬೇಕಿತ್ತು. ಊರಿಗೆ ವಾಪಸ್ ಬಂದು ನಮ್ಮ ಮನೆಯ ಹಸುವಿಗೆ ಹೀಗೇ ಮಾಡಿದೆ. ಹೆಂಡತಿ ಬಾಲ ಹಿಡಿದುಕೊಂಡು ಮುಖ ಗಂಟಿಕ್ಕಿ ನಿಂತಿದ್ದಳು. ಹಸು ನಿಂತಿತು, ಅಂದರೆ ಗಬ್ಬವಾಯಿತು. ಕನಕಪುರದ ಪಶು ಆಸ್ಪತ್ರೆಯ ಡಾಕ್ಟರು ಬಂದಿದ್ದಾಗ ಪರೀಕ್ಷೆ ಮಾಡಿ ಹೌದು ಎಂದರು. ಆದರೆ ಸ್ವಂತ ಮನೆಯ ಹಸು ಊರಿನ ಲೆಕ್ಕಕ್ಕೆ ಬರುವುದಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಫೋನ್ ಬಂತು. ಊರಾಚೆಯ ದೊಡ್ಡಿಯಲ್ಲಿ ಕುರಿ ಸಾಕುವ ಮನೆಯ ಹೆಂಗಸು. ನನಗಿಂತ ದೊಡ್ಡವಳು, ಅಕ್ಕ ಎಂದೇ ಕರೆಯುವುದು. ಗಂಡ ಕುರಿ ಹೊಡೆದುಕೊಂಡು ಕಾಡಂಚಿಗೆ ಹೋದರೆ ವಾರಗಟ್ಟಲೆ ಬರುವುದಿಲ್ಲ, ಮನೆಯಲ್ಲಿರುವ ಒಂದೇ ಹಸು ಅವಳದೇ ಜವಾಬ್ದಾರಿ. ಬದಲಿಯವನು ಎಲ್ಲೋ ಮದುವೆಗೆ ಹೋಗಿದ್ದಾನಂತೆ, ಸಂಜೆ ಬರುತ್ತಾನಂತೆ. ಹಸು ಅಷ್ಟರವರೆಗೆ ತಡೆಯುವುದಿಲ್ಲ, ಒಂದೇ ಸಮ ಅರಚುತ್ತಿದೆ ಎಂದಳು. ಬೇರೆ ಗತಿಯಿಲ್ಲದೆ ಕರೆದಿದ್ದಾಳೆ ಎಂದು ಗೊತ್ತಿದ್ದೂ ನನಗೆ ಸಂತೋಷವಾಯಿತು. ಬೇಗ ಬೇಗ ಹೊರಟೆ.

ಹಸು ಕಟ್ಟಿದ ಗೂಟದ ಸುತ್ತ ತಿರುಗುತ್ತಿತ್ತು. ಸುಮಾರು ಮೂರು ತಿಂಗಳ ಹಿಂದೆ ಬದಲಿಯವನು ಇಂಜೆಕ್ಷನ್ ಮಾಡಿದ್ದನಂತೆ. ಆಮೇಲೆ ಸುಮ್ಮನಿತ್ತಂತೆ. ಈಗ ಮತ್ತೆ ಬೆದೆ. ನಿಂತಿಲ್ಲ ಎಂದು ಅವಳು ತೀರ್ಮಾನಿಸಿದ್ದಳು. ನಾನು ಕೈಗವಸು ತೊಡುವಾಗ ಹತ್ತಿರ ಬಂದಳು.

"ಬೇಜಾರ್ ಮಾಡ್ಕಬ್ಯಾಡ ಕಣಪ್ಪಾ. ಎಡಗೈ ಹಾಕ್ಬ್ಯಾಡ."

"ಹಾಕಲ್ಲ ಅಕ್ಕ. ನೋಡು, ಬಲಗೈಗೇ ತೊಡ್ತಾ ಇದೀನಿ."

ಅವಳು ಕೈಗವಸು ಮೊಣಕೈ ದಾಟುವವರೆಗೂ ನೋಡಿ, ಆಮೇಲೆ ಹಸುವಿನ ಮೂಗುದಾರ ಹಿಡಿದಳು.

ಲೋಳೆ ನೋಡಿದೆ. ಬೆದೆಯ ಹಸುವಿನ ಲೋಳೆ ಗಾಜಿನಂತೆ ತಿಳಿಯಾಗಿ, ನೂಲಿನಂತೆ ಇಳಿಯಬೇಕು. ಇದು ಮಂದ, ಅಂಟು ಅಂಟು. ಅಲ್ಲೇ ಅನುಮಾನ ಬಂತು. ಬಲಗೈ ಒಳಗೆ ಬಿಟ್ಟೆ. ಕತ್ತು ಬಿಗಿಯಾಗಿ ಮುಚ್ಚಿಕೊಂಡಿತ್ತು. ಕೈ ಮುಂದೆ ಹೋದರೆ ಗರ್ಭಕೋಶ ಕೆಳಗೆ ಜೋತು ಬಿದ್ದಿದೆ. ಒಂದು ಕವಲು ಇನ್ನೊಂದಕ್ಕಿಂತ ದಪ್ಪ, ಒಳಗೆ ನೀರು. ಗಬ್ಬದ ಹಸು ಕೂಡ ಕೆಲವು ಸಲ ಬೆದೆಯ ಹಾಗೆ ಆಡುತ್ತದೆ. ಅದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಬಲೆ. ಆಗ ಗನ್ ತೂರಿಸಿದರೆ ಕತ್ತಿನ ಬೀಗ ಒಡೆದು ಕರು ಬಿದ್ದುಹೋಗುತ್ತದೆ.

ಆದರೂ ಇನ್ನೊಂದು ಸಾಧ್ಯತೆಯಿತ್ತು. ಕೀವು ತುಂಬಿದರೂ ಕವಲು ಹೀಗೇ ಊದಿರುತ್ತದೆ. ಮೊದಲಿನ ಎಡಗೈ ಇದ್ದಿದ್ದರೆ ಕರುವನ್ನು ಸುತ್ತಿದ ಪೊರೆ ಬೆರಳ ನಡುವೆ ಜಾರುವುದನ್ನು ಚಿಟಿಕೆಯಲ್ಲಿ ಹಿಡಿದು ಹೇಳಿಬಿಡುತ್ತಿತ್ತು. ಬಲಗೈಗೆ ಒಮ್ಮೆ ಜಾರಿದಂತೆ ಅನಿಸಿತು, ಒಮ್ಮೆ ಅನಿಸಲಿಲ್ಲ. ಹಸುವಿನ ಹಿಂದೆ ಹಾಗೇ ನಿಂತುಕೊಂಡು ಯೋಚಿಸಿದೆ. ಗನ್ ಸಿದ್ಧವಾಗಿತ್ತು, ಸ್ಟ್ರಾ ಕರಗಿತ್ತು. ತಳ್ಳಿದರೆ ಅವಳು ಖುಷಿಯಾಗುತ್ತಾಳೆ, ಇನ್ನೊಬ್ಬರಿಗೆ ಹೇಳುತ್ತಾಳೆ, ಫೋನುಗಳು ಮತ್ತೆ ಬರುತ್ತವೆ. ಅಷ್ಟು ಆಸೆ ನನಗಿತ್ತು. ಆದರೆ ಗಬ್ಬವಾಗಿದ್ದರೆ ಕರು ಹೋಗುತ್ತದೆ, ಕೀವಾದರೆ ಮದ್ದು ದಂಡ. ಎರಡರಲ್ಲಿ ಯಾವುದಾದರೂ ಗನ್ ಹಾಕಬಾರದು. ಕೈ ಹೊರಗೆ ತೆಗೆದೆ.

"ಅಕ್ಕ, ಇದು ಗಬ್ಬ ಇರೋ ಹಂಗೈತೆ. ಇಂಜೆಕ್ಷನ್ ಮಾಡಲ್ಲ. ನಾಳೆ ಡಾಕ್ಟ್ರನ್ನ ಕರ್ಸಿ ತೋರ್ಸು."

"ಗಬ್ಬ ಇರೋ ಹಸ ಯಾಕಪ್ಪಾ ಇಂಗ್ ಅರಚ್ತದೆ?"

"ಒಂದೊಂದು ಆಡ್ತವೆ. ಅಂಥದ್ಕೆ ಇಂಜೆಕ್ಷನ್ ಮಾಡಿದ್ರೆ ಕಂದಾಕ್ಬುಡ್ತದೆ."

"ಇರೋ ಹಂಗೈತೆ ಅಂದ್ರೆ? ಐತಾ, ಇಲ್ವಾ?"

"ಖಂಡಿತ ಅಂತ ಹೇಳಕ್ಕಾಗಲ್ಲ. ಅದ್ಕೇ ಡಾಕ್ಟ್ರು ಅಂದಿದ್ದು."

ಅವಳು ಮೂಗುದಾರ ಬಿಟ್ಟಳು. ಸಿಟ್ಟಾಗಿರಲಿಲ್ಲ, ಸುಸ್ತಾಗಿದ್ದಳು. "ಕೈಲಾಗಲ್ಲ ಅಂದ್ರೆ ಆಗಲ್ಲ ಅಂದ್ಬುಡಪ್ಪಾ. ನನ್ ಹಸೀನ ಮೇಲ್ ಯಾಕ್ ಹಾಕ್ತೀಯ?"

ನಾನು ಖಂಡಿತ ಎಂದು ಹೇಳಿಬಿಡಬೇಕಿತ್ತೇನೋ. ಹಳೆಯ ಡಾಕ್ಟ್ರ ಗತ್ತಿನಲ್ಲಿ, ಗಬ್ಬ ಐತೆ, ಕಟ್ಟಿ ಮೇಯಿಸು ಎಂದಿದ್ದರೆ ನಂಬುತ್ತಿದ್ದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದದ್ದಕ್ಕೆ ನಾನು ಕೈಲಾಗದವನಾದೆ. ದಾರಿಯಲ್ಲೇ ಸ್ಕೂಟರ್ ನಿಲ್ಲಿಸಿ ಬದಲಿಯವನಿಗೆ ಫೋನ್ ಮಾಡಿದೆ. ಓಲಗದ ಸದ್ದಿನ ನಡುವೆ ಫೋನ್ ಎತ್ತಿದ. ನಾನೇ ಮೊದಲು ಹೇಳಿದೆ.

"ದೊಡ್ಡಿಯವ್ರು ಸಂಜೆ ನಿನ್ನ ಕರೀತಾರೆ. ಮೊದ್ಲು ಕೈ ಹಾಕಿ ನೋಡು. ಮೂರ್ ತಿಂಗ್ಳ ಗಬ್ಬ ಇದ್ದಂಗೈತೆ. ಗನ್ ಹಾಕ್ಬ್ಯಾಡ."

"ಆಯ್ತಣ್ಣ, ಆಯ್ತು. ನೀನು ರೆಸ್ಟ್ ತಕ್ಕೊ. ಈ ಟೈಮಲ್ಲಿ ನಿನ್ ಕೈಗೆ ಏನ್ ಗೊತ್ತಾಯ್ತದೆ ಹೇಳು?"

ಸಂಜೆ ಅವನು ಹೋದ. ಇಂಜೆಕ್ಷನ್ ಮಾಡಿದ. ಹೆಚ್ಚು ದಿನ ಕಳೆಯಲಿಲ್ಲ, ಹಸು ಕಂದು ಹಾಕಿತು.

ಮಾಸು ಬೀಳದೆ ಕನಕಪುರದ ಡಾಕ್ಟರನ್ನು ಕರೆಸಿದರಂತೆ. ವಾಪಸ್ ಹೋಗುವಾಗ ಅವರು ನಮ್ಮ ಮನೆಯ ಮುಂದೆ ಜೀಪು ನಿಲ್ಲಿಸಿದರು. "ಮೂರು ತಿಂಗಳು ದಾಟಿದ ಕರು. ನೀವು ಹೇಳಿದ್ದೇ ಸರಿ ಕಣ್ರೀ," ಎಂದರು. ನಾಚಿಕೆಯ ವಿಷಯವೇ ಇರಬಹುದು, ಆದರೆ ಇದ್ದದ್ದು ಹೇಳುತ್ತೇನೆ. ಸತ್ತ ಕರುವಿನ ಸುದ್ದಿ ಕೇಳಿ ನನಗೆ ಮೊದಲು ಆದದ್ದು ಸಂತೋಷ. ಬಲಗೈ ಕಲಿತಿದೆ. ಯಾರಿಗೂ ಉತ್ತರ ಗೊತ್ತಿಲ್ಲದ ಹಸುವಿನೊಳಗೆ ಹೋಗಿ ಅದು ಸರಿಯಾಗಿ ಹೇಳಿದೆ. ಆಮೇಲೆ ಆ ಹೆಂಗಸಿನ ಮುಖ ನೆನಪಾಯಿತು.

ಸಂತೋಷ ಬೆಳಗಿನ ಹಾಲಿನ ಹೊತ್ತಿನವರೆಗೂ ಉಳಿಯಲಿಲ್ಲ. ಡೈರಿಯ ಮುಂದೆ ಸಾಲು ಸೇರಿತ್ತು. ಲಕ್ವದ ಕೈ ಹಾಕಿದ, ಹಸು ಕಂದಾಕಿತು, ಅಷ್ಟೇ ಕಥೆ. ಗನ್ನಿನ ಸುದ್ದಿ ಕಥೆಯಲ್ಲಿ ಇರಲೇ ಇಲ್ಲ. ಬದಲಿಯವನೂ ಅಲ್ಲಿದ್ದ. ನಾನು ಎಲ್ಲರ ಮುಂದೆ ಕೇಳಿದೆ.

"ಫೋನ್ ಮಾಡಿ ಹೇಳಿದ್ನೋ ಇಲ್ವೋ?"

"ಹೇಳ್ದೆ ಅಣ್ಣ, ಇಲ್ಲ ಅಂದ್ನಾ? ಆದ್ರೆ ನೀನು ಮೊದ್ಲೇ ಕೈ ಹಾಕಿ ಅಲ್ಲಾಡ್ಸಿದ್ದೆ. ನಾನ್ ಹೋಗೋ ವೊತ್ಗೆ ಎಲ್ಲಾ ಸಡ್ಲ ಆಗಿತ್ತು. ನಾನೇನ್ ಮಾಡ್ಲಿ?"

ಅವನ ಮಾತಿಗೆ ಸಾಲಿನಲ್ಲಿದ್ದವರು ತಲೆಯಾಡಿಸಿದರು. ಡಾಕ್ಟರು ಹೇಳಿದ್ದಕ್ಕೂ ಹೀಗೇ ತಲೆಯಾಡಿಸಿದ್ದರಂತೆ. ಕಾರ್ಯದರ್ಶಿ ನನ್ನನ್ನು ಒಳಗೆ ಕರೆದುಕೊಂಡು ಹೋದ.

"ಲೇ, ಬುಡ್ಲಾ. ಕ್ಯಾನ್ ತಂದು ಮಡಗ್ಬುಡು. ಇಲ್ಲೇ ಕುಂತ್ಕಂಡು ಹಾಲ್ ಟೆಸ್ಟ್ ಮಾಡು, ನೆಳ್ಳಲ್ಲಿ ಇರ್ತೀಯ. ಯಾರೂ ಏನೂ ಅನ್ನಲ್ಲ."

"ಆ ಹಸೀಗೆ ನನ್ ಎಡಗೈ ಹೋಗೇ ಇಲ್ಲ ಕಣ್ಲಾ. ಬಲಗೈ ಹಾಕಿದ್ದು. ಸರಿಯಾಗೇ ಹೇಳಿದ್ದು."

"ಅದ್ನ ನೋಡಿರೋರು ಯಾರು?"

"ಅವ್ಳೇ. ಆಯಮ್ಮ ಪಕ್ಕದಲ್ಲೇ ನಿಂತಿದ್ಲು."

ನಾನು ಸ್ನೇಹಿತ ಎಂಬುದು ಅವನಿಗೆ ಆಗ ನೆನಪಾಯಿತೋ ಏನೋ. "ಸರಿ. ಆಯಮ್ಮ ಇಲ್ಲಿ ಬಂದು, ನಾಕು ಜನ್ರ ಮುಂದೆ ಅದ್ನ ಹೇಳ್ಲಿ. ಕ್ಯಾನು ನಿನ್ತಾವ್ಲೇ ಇರ್ಲಿ. ಇಲ್ಲಾಂದ್ರೆ ನಂಗೂ ಆಗಲ್ಲ ಕಣ್ಲಾ, ಜನ ಹಾಲು ಬೇರೆ ಡೈರಿಗೆ ಹಾಕ್ತಾರೆ."

ಹೊರಗಿನಿಂದ ನೋಡಿದರೆ ಇದು ಹಟ. ನೆರಳು, ಕುರ್ಚಿ, ಹಾಲಿನ ಟೆಸ್ಟ್, ಯಾರಿಗೆ ಬೇಡ? ಹೆಂಡತಿಯೂ ಅದನ್ನೇ ಹೇಳಿದಳು. ಆದರೆ ಆಸ್ಪತ್ರೆಯ ರಾಗಿಯಿಂದ ಅಕ್ಕನ ಕೊಟ್ಟಿಗೆಯವರೆಗೆ ನಾನು ಪಟ್ಟ ಪಾಡೆಲ್ಲ ಕುರ್ಚಿಯ ಮೇಲೆ ಕೂರಲಿಕ್ಕಲ್ಲ. ಸ್ಕೂಟರ್ ಹತ್ತಿ ನೇರ ದೊಡ್ಡಿಗೆ ಹೋದೆ.

ಅವಳು ಅಂಗಳದಲ್ಲಿ ಹುರುಳಿ ಸಿಪ್ಪೆ ಹರಡುತ್ತಿದ್ದಳು. ಹಸು ಕಿವಿ ಇಳಿಬಿಟ್ಟುಕೊಂಡು ನಿಂತಿತ್ತು. ನನ್ನನ್ನು ನೋಡಿ ಬೈಯಲಿಲ್ಲ. ಕೂರಲು ಹೇಳಿದಳು.

"ಹೆಣ್ಗರ ಕಣಪ್ಪಾ," ಎಂದಳು. "ಡಾಕ್ಟ್ರು ತೋರ್ಸುದ್ರು."

ಜಗಲಿಯ ಮೇಲೆ ಕೂತು ನಾನೇ ಶುರು ಮಾಡಿದೆ. ಬದಲಿಯವನು ಗನ್ ಹಾಕಿದ್ದಕ್ಕೇ ಹೀಗಾದದ್ದು ಎಂದೆ.

"ಅವ್ನು ದಿನಾ ಎಷ್ಟೋ ಹಸೀಗೆ ಹಾಕ್ತಾನೆ. ಅವೆಲ್ಲ ಕಂದಾಕ್ತವಾ?"

"ಗಬ್ಬ ಇರೋದ್ಕೆ ಹಾಕಿದ್ರೆ ಹಾಕ್ತವೆ ಅಕ್ಕ. ಹಂಗಂತ ನಾನು ಅವತ್ತೇ ಹೇಳಿರ್ಲಿಲ್ವಾ?"

"ಹೇಳಿದ್ದೆ. ಇಲ್ಲ ಅನ್ನಲ್ಲ."

"ನನ್ ಎಡಗೈ ಒಳಕ್ಕೆ ಹೋಗ್ಲೇ ಇಲ್ಲ. ಅದೂ ನೀನ್ ನೋಡಿದ್ದೀಯ."

"ನೋಡಿದ್ದೀನಿ."

"ಅದೊಂದ್ ಮಾತ ಡೈರಿತಾವ ಬಂದು ಹೇಳ್ಬುಡಕ್ಕ. ಬೇರೇನೂ ಬ್ಯಾಡ. ನನ್ ಕೆಲ್ಸ ಉಳೀತದೆ."

"ಹೇಳ್ತೀನಿ ಬುಡು. ಕಣ್ಣಾರೆ ಕಂಡಿದ್ದು ಹೇಳಕ್ಕೇನಂತೆ?" ಕೈಲಿದ್ದ ಸಿಪ್ಪೆ ಕೊಡವಿ ಎದ್ದಳು. "ನಾಳೆ ಹಾಲಿನ್ ವೊತ್ಗೆ ಬತ್ತೀನಿ. ಎಡಗೈ ಹಾಕ್ಲಿಲ್ಲ, ಬಲಗೈಯೇ ಹಾಕಿದ್ದು ಅಂತ ನಾಕು ಜನ್ರ ಮುಂದೆ ಹೇಳ್ತೀನಿ."

ಇಷ್ಟು ದಿನಗಳಲ್ಲಿ ಒಬ್ಬರಾದರೂ ಕಂಡದ್ದನ್ನು ಕಂಡಂತೆ ಹೇಳುತ್ತೇನೆ ಎಂದಿದ್ದರು. ಏಳಲು ಬಲಗೈಯನ್ನು ಜಗಲಿಗೆ ಊರಿದೆ. ಅವಳು ಆ ಕೈಯನ್ನೇ ನೋಡುತ್ತ ನಿಂತಿದ್ದಳು. ಮುಖದಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ಮರುಕವಿತ್ತು.

"ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ," ಎಂದಳು. "ಲಕ್ವ ಈಗ ಆ ಕೈಗೂ ಇಳ್ದೈತಾ?"

ಅವಳು ಬಂದು ಬಲಗೈ ಎಂದರೆ ಆ ಕೈಯೂ ಲಕ್ವದ ಕೈಯಾಗುತ್ತಿತ್ತು. ನಾಳೆ ಬರುವುದು ಬೇಡ ಅಕ್ಕ ಎಂದು ಹೇಳಿ ಸ್ಕೂಟರ್ ಹತ್ತಿದೆ.